ಕಲುಷಿತ ಜಾಗವನ್ನು ಶುದ್ಧ ಮಾಡಿ ಜನರ ಬಳಕೆಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಡಾವಣೆಯ ನಡುವೆ ವರ್ಷಗಟ್ಟಲೆ ಪಾಳು ಬಿದ್ದ ಕಾರ್ಖಾನೆ, ಮುಚ್ಚಿದ ಪೆಟ್ರೋಲ್ ಬಂಕ್, ಹಳೆಯ ಕಸದ ಗುಂಡಿ. ಅಲ್ಲಿ ಪಾರ್ಕೋ ಮನೆಗಳೋ ಶಾಲೆಯೋ ಬರುತ್ತದೆ ಎಂಬ ಸುದ್ದಿ ಹಬ್ಬಿದ ತಕ್ಷಣ ಜನರಲ್ಲಿ ಪ್ರಶ್ನೆಗಳು ಏಳುತ್ತವೆ. ಇದು ಅಂಥ ಜಾಗದ ಅಕ್ಕಪಕ್ಕ ಬದುಕುವವರಿಗಾಗಿ ಬರೆದದ್ದು. ಇಂಜಿನಿಯರುಗಳಿಗೆ ಇದರಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ.

ಕಲುಷಿತ ಜಾಗ ಅಂದರೆ ಯಾವುದು?

ಹಿಂದೆ ನಡೆದ ಕೆಲಸದಿಂದ ಮಣ್ಣಿಗೋ ಅಂತರ್ಜಲಕ್ಕೋ ವಿಷವಸ್ತು ಸೇರಿರುವ ಜಾಗ. ಸೇರಿದೆ ಎಂದು ಸಾಬೀತಾಗಿರಲೇಬೇಕು ಅಂತೇನಿಲ್ಲ. "ಸೇರಿರಬಹುದು" ಎಂಬ ಅನುಮಾನ ಸಾಕು, ಆ ಜಾಗ ಮೂಲೆಗೆ ಬೀಳುತ್ತದೆ. ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವರು ಹಿಂಜರಿಯುತ್ತಾರೆ, ಮಾಲೀಕ ಪರೀಕ್ಷೆ ಮಾಡಿಸಲು ಹೆದರುತ್ತಾನೆ. ಇಂಥ ಜಾಗಗಳನ್ನು ಯೋಜನೆಯ ಕಾಗದಗಳಲ್ಲಿ ಬ್ರೌನ್‌ಫೀಲ್ಡ್ ಎಂದು ಬರೆದಿರುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನ ಪ್ರಕಾರ ಆ ಒಂದು ದೇಶದಲ್ಲೇ 4.5 ಲಕ್ಷಕ್ಕೂ ಹೆಚ್ಚು ಇಂಥ ತಾಣಗಳಿವೆ.

ನೋಡಿದರೆ ಗೊತ್ತಾಗುವುದಿಲ್ಲವೇ?

ಬಹಳ ಸಲ ಗೊತ್ತಾಗುವುದಿಲ್ಲ. ಹುಲ್ಲು ಸೊಂಪಾಗಿ ಬೆಳೆದಿರುವ ಜಾಗದಲ್ಲೂ ಸೀಸ ಇರಬಹುದು. ಮಣ್ಣಿಗೆ ಸೇರಿದ ಸೀಸ ಕಣ್ಣಿಗೂ ಕಾಣುವುದಿಲ್ಲ, ವಾಸನೆಯೂ ಬರುವುದಿಲ್ಲ. ಆದರೆ ಕಪ್ಪು ಡಾಂಬರಿನಂಥ ಜಿಡ್ಡು, ಪೆಟ್ರೋಲ್ ವಾಸನೆ, ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ, ಏನೂ ಬೆಳೆಯದ ಬೋಳು ತೇಪೆಗಳು ಕಂಡರೆ ಸುಮ್ನೆ ಬಿಡಬೇಡಿ. ಫೋಟೋ ತೆಗೆದು, ದಿನಾಂಕ ಬರೆದಿಟ್ಟುಕೊಳ್ಳಿ.

ಯಾವ ಜಾಗದಲ್ಲಿ ಯಾವ ವಿಷ ಇರುತ್ತದೆ?

ಅಲ್ಲಿ ಏನು ನಡೆಯುತ್ತಿತ್ತು ಎಂದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಪೆಟ್ರೋಲ್ ಬಂಕಿನಲ್ಲಿ ನೆಲದಡಿಯ ಟ್ಯಾಂಕು ತುಕ್ಕು ಹಿಡಿದು ಸೋರುತ್ತದೆ, ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ವಿಷ ಮಣ್ಣಿಗಿಳಿಯುತ್ತದೆ. ಬಟ್ಟೆ ಡ್ರೈಕ್ಲೀನಿಂಗ್ ನಡೆದ ಕಡೆ ಪರ್‌ಕ್ಲೋರೋಎಥಿಲೀನ್ ಎಂಬ ದ್ರಾವಣ, ಲೋಹದ ಬಿಡಿಭಾಗಗಳ ಜಿಡ್ಡು ತೊಳೆಯುತ್ತಿದ್ದ ಕಡೆ ಟ್ರೈಕ್ಲೋರೋಎಥಿಲೀನ್. ಚರ್ಮ ಹದ ಮಾಡುವ ಮತ್ತು ಲೋಹಕ್ಕೆ ಲೇಪನ ಹಾಕುವ ಘಟಕಗಳಲ್ಲಿ ಕ್ರೋಮಿಯಂ. ಮರಕ್ಕೆ ಗೆದ್ದಲು ಹಿಡಿಯದಂತೆ ಮದ್ದು ಹಾಕುತ್ತಿದ್ದಲ್ಲಿ ಆರ್ಸೆನಿಕ್. ಬ್ಯಾಟರಿ ಒಡೆಯುತ್ತಿದ್ದಲ್ಲಿ ಸೀಸ. ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷರಾಸಾಯನಿಕ. ಹಳೆ ಕಟ್ಟಡ ಕೆಡವಿದ ರಾಶಿಯಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಹಳೆ ಕಸದ ಗುಂಡಿಯಾದರೆ ಇವೆಲ್ಲ ಕಲಸಿಕೊಂಡಿರುತ್ತವೆ, ಜೊತೆಗೆ ಬೆಂಕಿ ಹತ್ತಬಲ್ಲ ಮೀಥೇನ್ ಅನಿಲ.

ಇವು ನೆಲದೊಳಗೆ ನಡೆದುಕೊಳ್ಳುವ ರೀತಿ ಬೇರೆ ಬೇರೆ. ಪೆಟ್ರೋಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತದೆ. ಡ್ರೈಕ್ಲೀನಿಂಗ್ ದ್ರಾವಣ ನೀರಿಗಿಂತ ಭಾರ, ಅಂತರ್ಜಲವನ್ನೂ ದಾಟಿ ಕೆಳಕ್ಕಿಳಿದು ಜೇಡಿ ಅಥವಾ ಬಂಡೆಯ ಸಂದುಗಳಲ್ಲಿ ಕೂರುತ್ತದೆ. ಅದನ್ನು ಹುಡುಕುವುದೂ ಕಷ್ಟ, ತೆಗೆಯುವುದು ಇನ್ನೂ ಕಷ್ಟ. ಸೀಸ ಸಾಮಾನ್ಯವಾಗಿ ಮೇಲ್ಮಣ್ಣಿಗೇ ಅಂಟಿಕೊಂಡಿರುತ್ತದೆ. ಮಕ್ಕಳ ಕೈಗೆ ಸಿಗುವುದು ಆ ಮಣ್ಣೇ.

ವಿಷ ನೆಲದೊಳಗಿದ್ದರೆ ನಮಗೇನು ತೊಂದರೆ?

ಮೂರು ಸಂಗತಿ ಕೂಡಿದಾಗ ತೊಂದರೆ: ವಿಷ ಇರಬೇಕು, ಅದು ಬರಲು ದಾರಿ ಇರಬೇಕು, ದಾರಿಯ ಕೊನೆಯಲ್ಲಿ ಮನುಷ್ಯರಿರಬೇಕು. ಶುದ್ಧೀಕರಣದ ಎಲ್ಲ ವಿಧಾನಗಳೂ ಈ ಮೂರರಲ್ಲಿ ಒಂದನ್ನು ತಪ್ಪಿಸುವ ಕೆಲಸವೇ.

ದಾರಿಗಳು ಹಲವು. ಒಣ ಮಣ್ಣು ಧೂಳಾಗಿ ಮನೆಗೆ ಬರುತ್ತದೆ. ಚಿಕ್ಕ ಮಕ್ಕಳು ನೆಲದಲ್ಲಿ ಆಡಿ ಅದೇ ಕೈ ಬಾಯಿಗೆ ಇಡುತ್ತಾರೆ. ಬೋರ್‌ವೆಲ್ ನೀರಿನಲ್ಲಿ ಬರುತ್ತದೆ. ಜನ ಅಷ್ಟಾಗಿ ಕೇಳದ ದಾರಿ ಇನ್ನೊಂದಿದೆ, ಅದೇ ಆವಿ. ಬೆಂಜೀನ್, ಡ್ರೈಕ್ಲೀನಿಂಗ್ ದ್ರಾವಣಗಳು ನೆಲದಡಿಯಲ್ಲೇ ಆವಿಯಾಗಿ, ತಳಪಾಯದ ಬಿರುಕು, ಪೈಪು ಹಾದುಹೋದ ಸಂದುಗಳಿಂದ ಮನೆಯೊಳಗೆ ಏರುತ್ತವೆ. ನಿಮ್ಮ ಅಂಗಳದ ಮಣ್ಣು ಚೆನ್ನಾಗಿದ್ದರೂ, ಪಕ್ಕದ ಜಾಗದಿಂದ ಅಂತರ್ಜಲದಲ್ಲಿ ಹರಿದು ಬಂದ ದ್ರಾವಣ ನಿಮ್ಮ ಮನೆಯಡಿ ಆವಿಯಾಗಬಹುದು. ಹಾಗಾಗಿ ಪರೀಕ್ಷೆ ಬೇಲಿಯ ಹತ್ತಿರ ನಿಲ್ಲಬಾರದು.

ಪರೀಕ್ಷೆ ಹೇಗೆ ಮಾಡುತ್ತಾರೆ?

ಮೊದಲ ಹಂತದಲ್ಲಿ ಒಂದು ಹಿಡಿ ಮಣ್ಣನ್ನೂ ಅಗೆಯುವುದಿಲ್ಲ. ಹಳೆಯ ನಕ್ಷೆ, ವಿಮಾನದಿಂದ ತೆಗೆದ ಫೋಟೋ, ಕ್ರಯಪತ್ರ, ಲೈಸೆನ್ಸು, ಅಗ್ನಿಶಾಮಕದವರ ದಾಖಲೆ ಎಲ್ಲ ಹುಡುಕುತ್ತಾರೆ. ಜಾಗ ಸುತ್ತಿ ನೋಡುತ್ತಾರೆ. ಅಲ್ಲಿ ಕೆಲಸ ಮಾಡಿದವರನ್ನು ಮಾತಾಡಿಸುತ್ತಾರೆ, ಅಥವಾ ಮಾತಾಡಿಸಬೇಕು. ಈ ಹಂತದಲ್ಲಿ ನೆರೆಹೊರೆಯವರ ನೆನಪಿಗೆ ತುಂಬಾ ಬೆಲೆಯಿದೆ. ಡ್ರಮ್ಮುಗಳನ್ನು ಯಾವ ಮೂಲೆಯಲ್ಲಿ ಹೂಳುತ್ತಿದ್ದರು, ಬಣ್ಣದ ನೀರು ಯಾವ ಚರಂಡಿಗೆ ಹೋಗುತ್ತಿತ್ತು ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ನಿವೃತ್ತ ಕಾರ್ಮಿಕರೊಬ್ಬರು ಬೆರಳು ಮಾಡಿ ತೋರಿಸಿದ ಜಾಗ, ಬರೀ ಅಂದಾಜಿನ ಮೇಲೆ ಕೊರೆದ ಹತ್ತಾರು ಗುಂಡಿಗಳಿಗಿಂತ ಹೆಚ್ಚು ಹೇಳುತ್ತದೆ.

ಎರಡನೇ ಹಂತದಲ್ಲಿ ಅಗೆತ. ಯಂತ್ರ ಉಕ್ಕಿನ ಕೊಳವೆಯನ್ನು ನೆಲಕ್ಕೆ ಒತ್ತುತ್ತದೆ. ಅದರೊಳಗೆ ಪ್ಲಾಸ್ಟಿಕ್ ಕೊಳವೆಯಲ್ಲಿ ಮಣ್ಣು ಕಂಬದ ಹಾಗೆ ಮೇಲೆ ಬರುತ್ತದೆ. ಉದ್ದಕ್ಕೆ ಸೀಳಿದರೆ ಆ ಜಾಗದ ಚರಿತ್ರೆ ಸಾಲಾಗಿ ಬಿದ್ದಿರುತ್ತದೆ: ಮೇಲೆ ಇಟ್ಟಿಗೆ ಚೂರು, ಬೂದಿ ಕಲಸಿದ ಭರ್ತಿ ಮಣ್ಣು, ನಡುವೆ ಗೇಣುದ್ದದ ಕಪ್ಪು ಜಿಡ್ಡಿನ ಪಟ್ಟಿ, ಕೆಳಗೆ ಹುಟ್ಟು ಜೇಡಿ. ಪರೀಕ್ಷಕರು ಆವಿ ಅಳೆಯುವ ಕೈಯಂತ್ರವನ್ನು ಕಂಬದುದ್ದಕ್ಕೂ ಹಿಡಿದು, ಅಂಕಿ ಏರಿದ ಕಡೆಯಿಂದ ಮಾದರಿ ತೆಗೆಯುತ್ತಾರೆ. ನೀರಿನ ಮಾದರಿಯಾದರೆ ಪುಟ್ಟ ಗಾಜಿನ ಸೀಸೆಯನ್ನು ಗಾಳಿಗುಳ್ಳೆ ಉಳಿಯದಂತೆ ಅಂಚಿನವರೆಗೆ ತುಂಬುತ್ತಾರೆ. ಗಾಳಿಗೆ ಜಾಗ ಬಿಟ್ಟರೆ ವಿಷ ಆವಿಯಾಗಿ ಅಲ್ಲಿ ಸೇರಿಕೊಂಡು ಲ್ಯಾಬಿನ ಅಂಕಿ ತಗ್ಗುತ್ತದೆ. ಸೀಸೆಗಳು ಐಸ್ ಪೆಟ್ಟಿಗೆಗೆ ಹೋಗುತ್ತವೆ. ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತು ಎಂದು ಜೊತೆಗಿನ ಕಾಗದದಲ್ಲಿ ಸಹಿ ಬೀಳುತ್ತದೆ. ಈ ಸಹಿಗಳ ಸರಪಳಿ ತುಂಡಾದರೆ ಆ ಫಲಿತಾಂಶವನ್ನು ನಂಬುವುದು ಕಷ್ಟ.

ವರದಿ ಕೈಗೆ ಬಂದಾಗ ಅಂಕಿಗಳಿಗಿಂತ ಮೊದಲು ನಕ್ಷೆ ನೋಡಿ. ಮಾದರಿ ಎಲ್ಲಿಂದ ತೆಗೆದಿದ್ದಾರೆ? ನೀವು ತೋರಿಸಿದ ಮೂಲೆಯಿಂದ ತೆಗೆದಿದ್ದಾರಾ? ಅಗೆಯದ ಜಾಗದಲ್ಲಿ ಏನೂ ಸಿಗುವುದಿಲ್ಲ.

ಎಷ್ಟು ಶುದ್ಧ ಮಾಡಿದರೆ ಸಾಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಹೆಚ್ಚಿನ ದೇಶಗಳಲ್ಲಿ ಶುದ್ಧತೆಯ ಮಟ್ಟ ನಿಲ್ಲುವುದು ಆ ಜಾಗದಲ್ಲಿ ಮುಂದೆ ಏನು ಬರುತ್ತದೆ ಎಂಬುದರ ಮೇಲೆ. ಗೋದಾಮು ಬಂದರೆ ಒಂದು ಮಟ್ಟ, ಮನೆ ಬಂದರೆ ಇನ್ನೂ ಕಟ್ಟುನಿಟ್ಟು. ತರ್ಕ ಇಷ್ಟೇ: ಗೋದಾಮಿನಲ್ಲಿ ದೊಡ್ಡವರು ಹಗಲು ಕೆಲವು ಗಂಟೆ ಕಾಂಕ್ರೀಟಿನ ಮೇಲೆ ಓಡಾಡುತ್ತಾರೆ, ಮನೆಯಲ್ಲಿ ಮಗು ಇಪ್ಪತ್ನಾಲ್ಕು ಗಂಟೆ ಇರುತ್ತದೆ, ಅಂಗಳದ ಮಣ್ಣು ಕೆದಕುತ್ತದೆ. ಹಾಗಾಗಿ "ಈ ಜಾಗ ಶುದ್ಧವಾಗಿದೆ" ಎಂಬ ಮಾತಿಗೆ ಅಷ್ಟರಿಂದಲೇ ಅರ್ಥ ಬರುವುದಿಲ್ಲ. ಯಾವ ಬಳಕೆಗೆ ಶುದ್ಧ ಎಂದು ಕೇಳಬೇಕು.

ಇದರಿಂದ ಊರವರು ತಿಳಿಯಬೇಕಾದ ಸಂಗತಿ ಒಂದಿದೆ. ಬಳಕೆ ತೀರ್ಮಾನವಾದ ಕ್ಷಣವೇ ಶುದ್ಧತೆಯ ಮಟ್ಟವೂ ತೀರ್ಮಾನವಾಗಿಬಿಡುತ್ತದೆ. ಗೋದಾಮಿಗೆಂದು ಶುದ್ಧ ಮಾಡಿದ ಮೇಲೆ "ನಮಗೆ ಆಟದ ಮೈದಾನ ಬೇಕಿತ್ತು" ಎಂದರೆ ಮತ್ತೆ ಪರೀಕ್ಷೆ, ಮತ್ತೆ ಅಗೆತ, ಮತ್ತೆ ಹಣ. ಆ ಹಣ ಸಾಮಾನ್ಯವಾಗಿ ಸಿಗುವುದಿಲ್ಲ. ಜನ ಸಭೆಗೆ ಬರುವುದು ಲಾರಿಗಳು ಓಡಾಡಲು ಶುರುವಾದಾಗ. ಅಷ್ಟರಲ್ಲಿ ದೊಡ್ಡ ತೀರ್ಮಾನ ಆಗಿಹೋಗಿರುತ್ತದೆ. ಭೂಬಳಕೆಯ ಚರ್ಚೆ ಬೇಸರದ್ದು, ಕಾಗದಪತ್ರದ್ದು ಅಂತ ಅನ್ನಿಸಬಹುದು, ಆದರೆ ನಿಮ್ಮ ಮಾತಿಗೆ ತೂಕ ಇರುವುದು ಅಲ್ಲೇ.

ಮಿತಿಗಳೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮನೆಗಳಿರುವ ಕಡೆ ಒಂದು ಕಿಲೋ ಮಣ್ಣಿನಲ್ಲಿ 400 ಮಿಲಿಗ್ರಾಂ ಸೀಸ ಕಂಡರೆ ಎಚ್ಚರ ಎಂದು ಅಮೆರಿಕದಲ್ಲಿ ಬಹಳ ವರ್ಷ ಹೇಳುತ್ತಿದ್ದರು. 2024ರಲ್ಲಿ ಅದನ್ನು 200ಕ್ಕೆ ಇಳಿಸಿದರು. ಮಕ್ಕಳ ವಿಷಯದಲ್ಲಿ ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದು ಇದುವರೆಗೆ ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಳೆಯ ವರದಿ "ಮಿತಿಯೊಳಗಿದೆ" ಎಂದರೆ, ಯಾವ ವರ್ಷದ ಮಿತಿ ಎಂದು ಕೇಳಿ.

ಆ ಮಣ್ಣನ್ನೆಲ್ಲ ಅಗೆದು ಸಾಗಿಸಿಬಿಡಬಾರದೇ?

ಕೆಲವು ಕಡೆ ಅದೇ ಸರಿ. ಸಣ್ಣ ಜಾಗ, ಮೇಲ್ಮಟ್ಟದ ಮಾಲಿನ್ಯ, ಬೇಗ ಮುಗಿಯಬೇಕು ಎಂದಾದರೆ ಅಗೆದು ಸಾಗಿಸುವುದು ನೇರ ದಾರಿ. ಆದರೆ ವಿಷ ಮಾಯವಾಗುವುದಿಲ್ಲ, ಇನ್ನೊಂದೂರಿನ ವಿಲೇವಾರಿ ಗುಂಡಿಗೆ ಹೋಗುತ್ತದೆ. ಆ ಊರಿನ ಪಕ್ಕದಲ್ಲೂ ಜನ ಇದ್ದಾರೆ. ಇದನ್ನು ನೆನಪಿಟ್ಟುಕೊಂಡೇ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಬೇರೆ ದಾರಿಗಳೂ ಇವೆ. ಆವಿಯಾಗುವ ವಿಷವಾದರೆ ನೆಲಕ್ಕೆ ಕೊಳವೆ ಇಳಿಸಿ ಆವಿ ಹೀರಿ, ಇದ್ದಿಲಿನ ಫಿಲ್ಟರಿನಲ್ಲಿ ಹಿಡಿಯುತ್ತಾರೆ. ಎಣ್ಣೆ, ಪೆಟ್ರೋಲನ್ನು ಮಣ್ಣಿನ ಬ್ಯಾಕ್ಟೀರಿಯಾಗಳೇ ತಿನ್ನುತ್ತವೆ, ಅವಕ್ಕೆ ಗಾಳಿ ಮತ್ತು ಪೋಷಕಾಂಶ ಕೊಟ್ಟರೆ ಕೆಲಸ ಚುರುಕಾಗುತ್ತದೆ. ಪರ್‌ಮ್ಯಾಂಗನೇಟ್‌ನಂಥ ರಾಸಾಯನಿಕವನ್ನು ನೆಲಕ್ಕೆ ಹಾಯಿಸಿ ವಿಷವನ್ನು ಅಲ್ಲೇ ಒಡೆಯಬಹುದು. ಅಂತರ್ಜಲ ಹರಿಯುವ ದಾರಿಗೆ ಅಡ್ಡಲಾಗಿ ಕಬ್ಬಿಣದ ಪುಡಿಯ ಗೋಡೆ ಹೂತರೆ, ಅದನ್ನು ಹಾದುಹೋಗುವ ನೀರಿನಲ್ಲಿರುವ, ಡ್ರೈಕ್ಲೀನಿಂಗಿನದರಂಥ ಕ್ಲೋರಿನ್ ಇರುವ ದ್ರಾವಣಗಳು ಒಡೆದುಹೋಗುತ್ತವೆ. ಮಣ್ಣನ್ನು ತೊಳೆಯಲೂಬಹುದು. ವಿಷ ಜಾಸ್ತಿ ಅಂಟಿಕೊಳ್ಳುವುದು ನುಣ್ಣನೆ ಜೇಡಿಕಣಗಳಿಗೆ, ಅವನ್ನು ಬೇರ್ಪಡಿಸಿದರೆ ಉಳಿದ ಮರಳು, ಜಲ್ಲಿ ಮತ್ತೆ ಬಳಕೆಗೆ ಬರುತ್ತದೆ. ಲಂಡನ್ನಿನ 2012ರ ಒಲಿಂಪಿಕ್ ಪಾರ್ಕಿನ ಜಾಗದಲ್ಲಿ ಹೀಗೆ ಮಣ್ಣು ತೊಳೆಯುವ ಯಂತ್ರಗಳನ್ನು ಅಲ್ಲೇ ನಿಲ್ಲಿಸಿದ್ದರು. ಸುಮಾರು 20 ಲಕ್ಷ ಟನ್ ಮಣ್ಣಿನಲ್ಲಿ ಬಹುಪಾಲು ಅದೇ ಜಾಗದಲ್ಲಿ ಮರುಬಳಕೆಯಾಯಿತು.

ಲೋಹಗಳ ಕಥೆ ಬೇರೆ. ಸೀಸವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ. ಅದನ್ನು ತೆಗೆಯಬೇಕು, ಅಥವಾ ಸಿಮೆಂಟಿನಂಥ ವಸ್ತುವಿನೊಂದಿಗೆ ಕಲಸಿ ಕದಲದಂತೆ ಕಟ್ಟಿಹಾಕಬೇಕು, ಇಲ್ಲವೇ ಮುಚ್ಚಬೇಕು.

ಗಿಡ ನೆಟ್ಟರೆ ವಿಷ ಹೀರಿಕೊಳ್ಳುತ್ತವಂತೆ, ನಿಜವೇ?

ಅರ್ಧ ನಿಜ. ಪ್ಟೆರಿಸ್ ವಿಟಾಟಾ ಎಂಬ ಜರಿಗಿಡ ಆರ್ಸೆನಿಕ್ ಅನ್ನು ಎಲೆಗಳಲ್ಲಿ ಶೇಖರಿಸುತ್ತದೆ ಎಂದು 2001ರಲ್ಲಿ ವಿಜ್ಞಾನಿಗಳು ತೋರಿಸಿದರು. ಆದರೆ ಹೀಗೆ ಶುದ್ಧವಾಗಲು ವರ್ಷಗಳು ಬೇಕು, ಬೇರು ಹೋಗುವಷ್ಟು ಆಳಕ್ಕೆ ಮಾತ್ರ, ಮತ್ತು ಕೊಯ್ದ ಎಲೆಗಳೇ ವಿಷತ್ಯಾಜ್ಯ. ಸೀಸದ ವಿಷಯದಲ್ಲಂತೂ ಗಿಡಗಳಿಂದ ಹೆಚ್ಚು ನಿರೀಕ್ಷೆ ಬೇಡ. ಯಾರಾದರೂ ಸೂರ್ಯಕಾಂತಿ ನೆಟ್ಟು ಒಂದೇ ಬೆಳೆಯಲ್ಲಿ ಶುದ್ಧ ಮಾಡುತ್ತೇವೆ ಎಂದರೆ ಒಪ್ಪಬೇಡಿ.

ಮೇಲೆ ಹೊಸ ಮಣ್ಣು ಮುಚ್ಚುವುದು ಕಣ್ಕಟ್ಟು ಅಲ್ವಾ?

ಸರಿಯಾಗಿ ಮಾಡಿದರೆ ಅಲ್ಲ. ಕಲುಷಿತ ಮಣ್ಣಿನ ಮೇಲೆ ಗಟ್ಟಿ ಬಟ್ಟೆಯಂಥ ಪದರ, ಅದರ ಮೇಲೆ ಪರೀಕ್ಷೆಯಾದ ಒಳ್ಳೆಯ ಮಣ್ಣು ಹಾಕುತ್ತಾರೆ. ನಡುವಿನ ಪದರಕ್ಕೆ ಬಹಳ ಕಡೆ ಕಿತ್ತಳೆಯಂಥ ಎದ್ದು ಕಾಣುವ ಬಣ್ಣ ಇರುತ್ತದೆ. ಇಪ್ಪತ್ತು ವರ್ಷದ ಮೇಲೆ ಪೈಪು ಹಾಕಲು ಬಂದ ಕೆಲಸದವನ ಗುದ್ದಲಿಗೆ ಆ ಬಣ್ಣ ಕಂಡರೆ ಅವನು ನಿಲ್ಲಿಸಬೇಕು, ಅದಕ್ಕಾಗಿ. ಮುಚ್ಚಿದ್ದರಿಂದ ಧೂಳಿನ ದಾರಿ, ಕೈಯಿಂದ ಬಾಯಿಗೆ ಹೋಗುವ ದಾರಿ ಕಟ್ಟಾಗುತ್ತದೆ. ಅಂತರ್ಜಲದ ದಾರಿ ಮತ್ತು ಆವಿಯ ದಾರಿ ಇದರಿಂದಲೇ ಕಟ್ಟಾಗುವುದಿಲ್ಲ. ಮುಚ್ಚಳವನ್ನು ವರ್ಷವರ್ಷವೂ ನೋಡಿಕೊಳ್ಳಬೇಕು: ಮಳೆಗೆ ಕೊಚ್ಚಿತಾ, ಬೇರು ಸೀಳಿತಾ, ಯಾರಾದರೂ ಗುಂಡಿ ತೋಡಿದರಾ ಎಂದು. ಅದಕ್ಕೆ ಹಣ ಯಾರು ಇಟ್ಟಿದ್ದಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅದು ನಿಜವಾಗಿಯೂ ಕಣ್ಕಟ್ಟೇ.

ಕೆಲಸ ನಡೆಯುವಾಗ ನಮಗೆ ಅಪಾಯವಿಲ್ಲವೇ?

ಇದೆ. ಸುಮ್ಮನೆ ಬಿದ್ದಿದ್ದ ಮಣ್ಣನ್ನು ಕೆದಕುವ ಹೊತ್ತಿಗೇ ಧೂಳು ಜಾಸ್ತಿ. ಮಣ್ಣಿಗೆ ನೀರು ಚಿಮುಕಿಸುತ್ತಿರಬೇಕು, ಲಾರಿಗಳಿಗೆ ಟಾರ್ಪಾಲು ಬಿಗಿಯಬೇಕು, ಗೇಟಿನಲ್ಲಿ ಚಕ್ರ ತೊಳೆಯಬೇಕು, ಬೇಲಿಯುದ್ದಕ್ಕೂ ಗಾಳಿ ಅಳೆಯುವ ಯಂತ್ರ ಇರಬೇಕು. ಆ ಅಂಕಿಗಳನ್ನು ದಿನವೂ ಗೇಟಿನ ಬೋರ್ಡಿನಲ್ಲಿ ಹಾಕಿಸಲು ಒತ್ತಾಯಿಸಿ. ಅಂಕಿ ಎಷ್ಟಾದರೆ ಕೆಲಸ ನಿಲ್ಲಿಸುತ್ತಾರೆ, ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದು ಮೊದಲೇ ಬರಹದಲ್ಲಿ ಇರಲಿ.

ಎಷ್ಟು ಸಮಯ ಬೇಕು?

ದಾಖಲೆ ಹುಡುಕಲು ವಾರಗಳು, ಮಣ್ಣು ಪರೀಕ್ಷೆಗೆ ತಿಂಗಳುಗಳು, ಅಗೆದು ಸಾಗಿಸುವುದಾದರೆ ಮತ್ತೆ ಕೆಲವು ತಿಂಗಳು. ಅಂತರ್ಜಲ ಕೆಟ್ಟಿದ್ದರೆ ದಶಕಗಳೂ ಹಿಡಿಯಬಹುದು. ಹಾಗೆಂದು ಅಷ್ಟೂ ಕಾಲ ಜಾಗ ಖಾಲಿ ಇರಬೇಕಿಲ್ಲ. ನೀರಿನ ಶುದ್ಧೀಕರಣ ಕೆಳಗೆ ನಡೆಯುತ್ತಿರುವಾಗಲೇ ಮೇಲೆ ಕಟ್ಟಡ ಬಳಕೆಯಲ್ಲಿರುವ ತಾಣಗಳಿವೆ. ತಳಪಾಯದಡಿ ಆವಿ ತಡೆಯುವ ಹಾಳೆ, ಆವಿಯನ್ನು ಚಾವಣಿಯ ಮೇಲೆ ಒಯ್ದು ಬಿಡುವ ಕೊಳವೆ ಮತ್ತು ಫ್ಯಾನು ಇದ್ದರೆ ಅದು ಸಾಧ್ಯ.

ಖರ್ಚು ಯಾರು ಕೊಡಬೇಕು?

ಕೆಡಿಸಿದವರು ಕೊಡಬೇಕು. ತತ್ವ ಇದೇ, ನ್ಯಾಯವೂ ಇದೇ. ಕಲುಷಿತ ತಾಣಗಳ ಶುದ್ಧೀಕರಣಕ್ಕೆಂದು ಅಮೆರಿಕ 1980ರಲ್ಲಿ ತಂದ ಸೂಪರ್‌ಫಂಡ್ ಕಾನೂನು ನಿಂತಿರುವುದು ಇದರ ಮೇಲೆ. ಭಾರತವೂ 2025ರಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮ ತಂದಿತು. ತೊಂದರೆ ಏನೆಂದರೆ, ಎಷ್ಟೋ ಸಲ ಕೆಡಿಸಿದ ಕಂಪನಿ ದಿವಾಳಿಯಾಗಿರುತ್ತದೆ ಅಥವಾ ಕೈ ಬದಲಾಗಿ ಬದಲಾಗಿ ಯಾರೆಂದೇ ಗೊತ್ತಾಗುವುದಿಲ್ಲ. ಆಗ ಸರ್ಕಾರದ ಅನುದಾನ, ಹೊಸದಾಗಿ ಕಟ್ಟುವವರ ಬಂಡವಾಳ ಎರಡೂ ಸೇರುತ್ತವೆ. ಕಟ್ಟುವವರ ಹಣ ಬಂದಾಗ ಅವರ ಇಷ್ಟವೂ ಬರುತ್ತದೆ. ಅದಕ್ಕೇ ಸಾರ್ವಜನಿಕ ಹಣ ಎಷ್ಟು, ಅದಕ್ಕೆ ಪ್ರತಿಯಾಗಿ ಊರಿಗೆ ಸಿಗುವುದೇನು ಎಂದು ಒಪ್ಪಂದಕ್ಕೆ ಮೊದಲೇ ಕೇಳಬೇಕು.

ಇಂಥ ಜಾಗದಲ್ಲಿ ತರಕಾರಿ ಬೆಳೆಯಬಹುದೇ?

ಮಣ್ಣು ಪರೀಕ್ಷೆ ಆಗದೆ ಬೇಡ. ಆದ ಮೇಲೂ, ಎತ್ತರದ ಮಡಿ ಕಟ್ಟಿ, ತಳಕ್ಕೆ ಬಟ್ಟೆ ಹಾಸಿ, ಹೊರಗಿನ ಒಳ್ಳೆ ಮಣ್ಣು ತುಂಬಿ ಬೆಳೆಯುವುದು ಸುರಕ್ಷಿತ. ಸೀಸದ ಅಪಾಯ ಸೊಪ್ಪು, ಗೆಡ್ಡೆಗಳಲ್ಲಿ ಹೆಚ್ಚು, ಟೊಮೆಟೊ, ಬದನೆಯಂಥ ಕಾಯಿಗಳಲ್ಲಿ ಕಡಿಮೆ. ಅದರಲ್ಲೂ ಗಿಡದೊಳಗೆ ಹೋದದ್ದಕ್ಕಿಂತ ಹೊರಗೆ ಅಂಟಿದ ಮಣ್ಣೇ ಹೆಚ್ಚಿನ ಅಪಾಯ. ಚೆನ್ನಾಗಿ ತೊಳೆಯಿರಿ, ಗೆಡ್ಡೆಯ ಸಿಪ್ಪೆ ತೆಗೆಯಿರಿ.

ಎಲ್ಲಾದರೂ ಇದು ಚೆನ್ನಾಗಿ ನಡೆದಿದೆಯೇ?

ನಡೆದಿದೆ. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆ 1994ರಲ್ಲಿ ಉದ್ಯಾನವಾಗಿ ತೆರೆಯಿತು. ವಿನ್ಯಾಸಕ ಪೀಟರ್ ಲಾಟ್ಜ್ ಕುಲುಮೆಗಳನ್ನು ಕೆಡವಲಿಲ್ಲ. ಜನ ಕುಲುಮೆ ಹತ್ತಿ ಊರು ನೋಡುತ್ತಾರೆ, ನೀರು ತುಂಬಿಸಿದ ಹಳೆ ಅನಿಲದ ತೊಟ್ಟಿಯಲ್ಲಿ ಡೈವಿಂಗ್ ಕಲಿಯುತ್ತಾರೆ. ಕೆಟ್ಟ ಮಣ್ಣಿನ ಒಂದು ಭಾಗವನ್ನು ಅಲ್ಲಿನ ಅದಿರಿನ ಗೂಡುಗಳಲ್ಲೇ ಭದ್ರವಾಗಿ ಮುಚ್ಚಿಟ್ಟರು. ಅಲ್ಲಿ ದುಡಿದವರ ನೆನಪನ್ನು ಅಳಿಸದೆ ಜಾಗ ಬದಲಾಯಿಸಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ.

ಅಮೆರಿಕದ ಸಿಯಾಟಲ್‌ನ ಗ್ಯಾಸ್ ವರ್ಕ್ಸ್ ಪಾರ್ಕ್ ಇನ್ನೊಂದು. 1906ರಿಂದ 1956ರವರೆಗೆ ಅಲ್ಲಿ ಅನಿಲ ತಯಾರಾಗುತ್ತಿತ್ತು, 1975ರಲ್ಲಿ ಪಾರ್ಕಾಯಿತು. ರಿಚರ್ಡ್ ಹಾಗ್ ಎಂಬ ವಿನ್ಯಾಸಕ ಮಣ್ಣಿಗೆ ಚರಂಡಿಯ ಗಸಿ, ಮರದ ಹೊಟ್ಟು ಕಲಸಿ ಬ್ಯಾಕ್ಟೀರಿಯಾಗಳಿಂದ ಶುದ್ಧ ಮಾಡಿಸಿದರು. ಆ ಕಾಲಕ್ಕೆ ದಿಟ್ಟ ಹೆಜ್ಜೆ. ಆದರೆ ಕೆಲಸ ಅಲ್ಲಿಗೇ ಮುಗಿಯಲಿಲ್ಲ. 1984ರಲ್ಲಿ ಪರೀಕ್ಷೆಗಾಗಿ ಪಾರ್ಕನ್ನು ಕೆಲಕಾಲ ಮುಚ್ಚಬೇಕಾಯಿತು, ಆಮೇಲೂ ಡಾಂಬರು ಅಲ್ಲಲ್ಲಿ ಮೇಲೆದ್ದಿತು. ಅದನ್ನು ಸೋಲು ಅನ್ನಲಾರೆ. ನೋಡಿಕೊಳ್ಳುವವರು ಇದ್ದದ್ದರಿಂದಲೇ ಅದು ಗೊತ್ತಾಯಿತು.

ಶುದ್ಧವಾದ ಮೇಲೆ ಬಾಡಿಗೆ ಏರಿ ನಾವೇ ಹೊರಗೆ ಹೋಗಬೇಕಾದರೆ?

ಇದು ಸುಳ್ಳು ಭಯವಲ್ಲ. ಧೂಳು ಕುಡಿದವರು ಒಬ್ಬರು, ಪಾರ್ಕಿನಲ್ಲಿ ನಡೆದಾಡುವವರು ಇನ್ನೊಬ್ಬರು ಆಗುವುದು ಎಷ್ಟೋ ಕಡೆ ನಡೆದಿದೆ. ತಡೆಯುವ ಗಟ್ಟಿ ದಾರಿ ಎಂದರೆ ಜಾಗದ ಒಡೆತನವೇ ಸಮುದಾಯದ ಕೈಲಿರುವುದು. ಬೋಸ್ಟನ್ನಿನ ಡಡ್ಲಿ ಸ್ಟ್ರೀಟ್‌ನ ನಿವಾಸಿಗಳು 1984ರಲ್ಲಿ ಸಂಘಟನೆ ಕಟ್ಟಿದರು. ಸುತ್ತಲಿನ ಖಾಲಿ ನಿವೇಶನಗಳು ಹೊರಗಿನವರು ಕಸ ಸುರಿಯುವ ತಿಪ್ಪೆಯಾಗಿದ್ದವು. ಮೊದಲು ಆ ಕಸದ ವಿರುದ್ಧ ಹೋರಾಡಿದರು. 1988ರಲ್ಲಿ ಖಾಲಿ ಜಾಗಗಳನ್ನು ಸ್ವಾಧೀನ ಮಾಡಿಕೊಳ್ಳುವ ಅಧಿಕಾರವನ್ನೇ ನಗರದಿಂದ ಪಡೆದರು. ಅಲ್ಲಿ ಭೂಮಿ ಸಮುದಾಯದ ಟ್ರಸ್ಟಿನದು, ಮನೆ ನಿವಾಸಿಯದು, ಮಾರುವಾಗ ಬೆಲೆಗೆ ಮಿತಿಯಿದೆ. ಹಳೆಯ ಗ್ಯಾರೇಜ್ ಇದ್ದ ಜಾಗದಲ್ಲಿ ಈಗ ಹಸಿರುಮನೆ ಇದೆ.

ಎಲ್ಲ ಕಡೆ ಇಷ್ಟು ಆಗದಿರಬಹುದು. ಕೈಗೆಟುಕುವ ಮನೆಗಳ ಪಾಲು, ಬಾಡಿಗೆ ಏರಿಕೆಗೆ ಮಿತಿ, ಸ್ಥಳೀಯರಿಗೆ ಶುದ್ಧೀಕರಣದ ಕೆಲಸದಲ್ಲೇ ತರಬೇತಿ, ಇವನ್ನು ಒಪ್ಪಂದದಲ್ಲಿ ಬರೆಸಬಹುದು. ಬಾಯಿಮಾತಿನ ಭರವಸೆ ಸಾಲದು.

"ಶುದ್ಧವಾಯಿತು" ಎಂಬ ಪತ್ರ ಬಂದರೆ ನಮ್ಮ ಕೆಲಸ ಮುಗಿಯಿತಲ್ಲ?

ಪತ್ರವನ್ನು ಪೂರ್ತಿ ಓದಿ. ಕೊನೆಯ ಪುಟಗಳಲ್ಲಿ ಷರತ್ತುಗಳಿರುತ್ತವೆ: ಬೋರ್‌ವೆಲ್ ಕೊರೆಯಬಾರದು, ಇಷ್ಟು ಆಳಕ್ಕಿಂತ ಕೆಳಗೆ ಅಗೆಯಬಾರದು, ನೆಲಮಾಳಿಗೆ ಕಟ್ಟಬಾರದು. ಆ ಷರತ್ತು ಜಾಗದ ಕ್ರಯಪತ್ರಕ್ಕೂ ಸೇರಬೇಕು, ಅದನ್ನು ಓದುವವರೂ ಇರಬೇಕು.

ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ನಯಾಗರ ಜಲಪಾತದ ಬಳಿಯ ಲವ್ ಕೆನಾಲ್ ಎಂಬ ಬಡಾವಣೆ ಸಾಕ್ಷಿ. ಅಲ್ಲಿನ ಹಳೆ ಕಾಲುವೆಯಲ್ಲಿ ಹೂಕರ್ ಕೆಮಿಕಲ್ ಕಂಪನಿ 1942ರಿಂದ ಸುಮಾರು ಹತ್ತು ವರ್ಷ ಸಾವಿರಾರು ಟನ್ ರಾಸಾಯನಿಕ ತ್ಯಾಜ್ಯ ಹೂಳಿತು. 1953ರಲ್ಲಿ ಒಂದು ಡಾಲರಿಗೆ ಆ ಜಾಗವನ್ನು ಶಾಲಾ ಮಂಡಳಿಗೆ ಕೊಟ್ಟಿತು. ಕೆಳಗೆ ತ್ಯಾಜ್ಯ ಇದೆ ಎಂದು ಪತ್ರದಲ್ಲಿ ಬರೆದಿತ್ತು. ಆದರೂ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. ಮನೆ ಕೊಂಡ ಎಷ್ಟೋ ಕುಟುಂಬಗಳಿಗೆ ಆ ಸಾಲು ತಲುಪಲೇ ಇಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತು ಪರಿಸ್ಥಿತಿ ಘೋಷಿಸಿದರು, ಕುಟುಂಬಗಳು ಮನೆ ಬಿಟ್ಟು ಹೊರಟವು. ಲೋಯಿಸ್ ಗಿಬ್ಸ್ ಎಂಬ ತಾಯಿಯ ಮುಂದಾಳತ್ವದಲ್ಲಿ ನೆರೆಯವರು ಮನೆಮನೆಗೆ ಹೋಗಿ ಕಾಯಿಲೆಗಳ ಲೆಕ್ಕ ಬರೆದಿದ್ದರು. ಸೂಪರ್‌ಫಂಡ್ ಕಾನೂನು ಬಂದದ್ದರ ಹಿಂದೆ ಈ ಹೋರಾಟವಿದೆ.

ಶುದ್ಧೀಕರಣ ಇನ್ನೂ ಶುರುವಾಗಿಲ್ಲ, ಮಕ್ಕಳು ಅಲ್ಲೇ ಆಡುತ್ತಿದ್ದಾರೆ. ಈಗ ಏನು ಮಾಡುವುದು?

ಬೇಲಿ ಮತ್ತು ಫಲಕ ಹಾಕಿಸಲು ಇವತ್ತೇ ಅರ್ಜಿ ಕೊಡಿ, ಅದಕ್ಕೆ ಪೂರ್ತಿ ಯೋಜನೆ ಮಂಜೂರಾಗಬೇಕಿಲ್ಲ. ಬೋಳು ಮಣ್ಣಿನ ಮೇಲೆ ದಪ್ಪಗೆ ಮರದ ಹೊಟ್ಟು ಅಥವಾ ಜಲ್ಲಿ ಹರಡಿಸಿದರೆ ಧೂಳು ತಗ್ಗುತ್ತದೆ. ಚಪ್ಪಲಿ ಹೊರಗೇ ಬಿಡಿ. ಆಡಿ ಬಂದ ಮಕ್ಕಳ ಕೈ ಸೋಪಿನಲ್ಲಿ ತೊಳೆಸಿ, ಊಟಕ್ಕೆ ಮೊದಲು ತಪ್ಪದೆ. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಸೀಸದ ಅನುಮಾನವಿದ್ದರೆ ಆರು ವರ್ಷದೊಳಗಿನ ಮಕ್ಕಳಿಗೆ ರಕ್ತ ಪರೀಕ್ಷೆ ಮಾಡಿಸಿ. ಸೀಸ ಮೈಗೆ ಸೇರಿದ ಮಗು ಬಹಳ ಸಲ ಆಟವಾಡಿಕೊಂಡೇ ಇರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಅಂಕಿ ಜಾಸ್ತಿ ಬಂದರೆ ಆ ವರದಿಯ ಪ್ರತಿಯನ್ನು ಡಾಕ್ಟರಿಗೂ ಕೊಡಿ, ಯೋಜನೆಯ ಕಡತಕ್ಕೂ ಸೇರಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.